ಗಾಜಿನ ಸೀಸೆಯಲ್ಲಿ ಅಪ್ಪನ ಬೆನ್ನುನೀರು

"ಮೊದಲ ಆ ಸೂಜಿ ಕೆಳಗ ಇಡ್ರಿ! ನಮ್ಮಪ್ಪನ ಬೆನ್ನು ಮುಟ್ಟಿದ್ರ ನೋಡ್ರಿ ಮತ್ತ!"

ಸವದತ್ತಿಯ ಆ ಸಣ್ಣ ದವಾಖಾನೆಯ ಬಾಗಿಲು ಗೋಡೆಗೆ ಬಡಿದು ವಾಪಸ್ ಬಂತು.

ಒಳಗೆ ಮೂವರಿದ್ದರು. ಮೊಣಕಾಲು ಎದೆಗೆ ಮಡಚಿಕೊಂಡು ಪಕ್ಕಕ್ಕೆ ಮಲಗಿದ್ದ ಬಸಲಿಂಗಪ್ಪ. ಅವನ ಭುಜ ಹಿಡಿದಿದ್ದ ನರ್ಸ್. ಉದ್ದನೆಯ ಸೂಜಿ ಹಿಡಿದು ನಿಂತಿದ್ದ ಡಾಕ್ಟರ್.

ಬಾಗಿಲಲ್ಲಿ ನಿಂತವಳು ಬಸಲಿಂಗಪ್ಪನ ಒಬ್ಬಳೇ ಮಗಳು ಶೈಲಜಾ. ಮುನವಳ್ಳಿಯ ಪೇಟೆಯಲ್ಲಿ ಗಾಣದ ಎಣ್ಣೆಯ ಅಂಗಡಿ ನಡೆಸುವವಳು. ಅವಳಿಗೆ ಸಿಟ್ಟು ಬೇಗ ಬರುತ್ತದೆ. ಹೋಗಲು ಮಾತ್ರ ಹೊತ್ತು ಹಿಡಿಯುತ್ತದೆ.

ಪರೀಕ್ಷೆಗೆ ಬೆಳಗ್ಗೆ ಒಪ್ಪಿದವಳು ಅವಳೇ. ಆದರೆ ಔಷಧಿ ತರಲು ಕೆಳಗೆ ಇಳಿದಾಗ ಮನೆಯಿಂದ ಸೋದರತ್ತೆ ಸಿದ್ದಲಿಂಗವ್ವನ ಫೋನ್ ಬಂದಿತ್ತು. ಅಷ್ಟು ಸಾಕಾಗಿತ್ತು.

"ಬೆನ್ನಾಗಿನ ನೀರ ತಗದ್ರ ಕಾಲ ಬೀಳತಾವಂತ! ಸುರೇಬಾನದ ಗಂಗಪ್ಪಗ ಹಂಗ ಆಗೇತಿ!" ಶೈಲಜಾ ಕೂಗಿದಳು.

ಡಾಕ್ಟರ್ ಸೂಜಿಯನ್ನು ತಟ್ಟೆಯಲ್ಲಿಟ್ಟ. ಸಿಟ್ಟಾಗಲಿಲ್ಲ. ಅದು ಶೈಲಜಾಳಿಗೆ ಇನ್ನೂ ಸಿಟ್ಟು ತರಿಸಿತು.

"ಗಂಗಪ್ಪ ಯಾರ್ರಿ?"

"ನಮ್ಮತ್ತಿ ಮೈದುನ."

"ಅವರನ್ನ ದವಾಖಾನಿಗೆ ಹೆಂಗ ಕರ್ಕೊಂಡು ಹೋಗಿದ್ರು? ನಡಕೋತ ಹೋಗಿದ್ರೇನು?"

ಶೈಲಜಾ ನೆನಪು ಮಾಡಿಕೊಂಡಳು. ಗಂಗಪ್ಪನನ್ನು ಟ್ರ್ಯಾಕ್ಟರಿನಲ್ಲಿ, ಮಲಗಿದ್ದ ಹೊರಸಿನ ಸಮೇತ ಹಾಕಿಕೊಂಡು ಹೋಗಿದ್ದರು.

"...ಇಲ್ಲ. ಹೊರಸಿನ ಮ್ಯಾಲೆ."

"ಅಂದ್ರ ಕಾಲು ಮೊದಲ ಹೋಗಿದ್ವು. ನೀರು ಆಮ್ಯಾಲೆ ತಗದಾರ."

ಶೈಲಜಾ ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು.

"ಬೆನ್ನುಹುರಿ ಮ್ಯಾಲೇ ಮುಗೀತದ್ರಿ. ನಾ ಸೂಜಿ ಹಾಕೋದು ಅದಕ್ಕಿಂತ ಕೆಳಗ. ಬೇಕಾದ್ರ ಇಲ್ಲೇ ನಿಂತು ನೋಡ್ರಿ."

ಮಂಚದಿಂದ ಬಸಲಿಂಗಪ್ಪನ ದನಿ ಬಂತು. "ಯವ್ವಾ ಶೈಲಾ, ಅಂಗಿ ಎತ್ಯಾರ, ಥಂಡಿ ಹತ್ತೇತಿ. ಜಗಳ ಲಗೂ ಮುಗಸ್ರಿ."

ನರ್ಸ್ ನಕ್ಕುಬಿಟ್ಟಳು. ಶೈಲಜಾ ಅಪ್ಪನ ಎದುರು ಕುಳಿತು ಕೈ ಹಿಡಿದುಕೊಂಡಳು. ರಕ್ತ ಬರುತ್ತದೆಂದು ಹೆದರಿದ್ದಳು. ಬಂದದ್ದು ಹನಿ ಹನಿಯಾಗಿ ತಿಳಿಯಾದ ನೀರು.

ಡಾಕ್ಟರನ ಹೆಸರು ಅಭಯ. ರಾಮದುರ್ಗದ ಸಂಸ್ಕೃತ ಮೇಷ್ಟ್ರು ಪಾಂಡುರಂಗ ಅವರ ಮಗ. ಬೆಳಗಾವಿಯ ದೊಡ್ಡ ಆಸ್ಪತ್ರೆಯಲ್ಲಿ ನರರೋಗದ ವೈದ್ಯ. ಪ್ರತಿ ಶನಿವಾರ ಸವದತ್ತಿಗೆ ಬಂದು ರೋಗಿಗಳನ್ನು ನೋಡಿ, ಸಂಜೆ ಊರಿಗೆ ಹೋಗುತ್ತಿದ್ದ.

* * *

ಬಸಲಿಂಗಪ್ಪನಿಗೆ ಏನಾಗಿತ್ತು?

ಅವರ ಎಣ್ಣೆಯ ಅಂಗಡಿಗೆ ಒಂದು ಮಾತಿತ್ತು. 'ಒಳ್ಳೇದು ಗಾಜಿನಾಗ, ಕೆಟ್ಟದ್ದು ಪ್ಲಾಸ್ಟಿಕ್ಕಿನಾಗ.' ಪ್ಲಾಸ್ಟಿಕ್ ಕ್ಯಾನ್ ಹಿಡಿದು ಬಂದ ಗಿರಾಕಿಗೆ ಬಸಲಿಂಗಪ್ಪ ಎಣ್ಣೆ ಹಾಕುತ್ತಿರಲಿಲ್ಲ. ಎಂಥ ದೊಡ್ಡ ಮನುಷ್ಯನಾದರೂ ಅಷ್ಟೇ, ಬೈದು ವಾಪಸ್ ಕಳಿಸುತ್ತಿದ್ದ.

ಒಂದು ದಿನ ಕೆಂಪವ್ವ ಎನ್ನುವ ಗಿರಾಕಿ ಪ್ಲಾಸ್ಟಿಕ್ ಕ್ಯಾನ್ ತಂದಳು. ಬಸಲಿಂಗಪ್ಪ ಸುಮ್ಮನೆ ತುಂಬಿಸಿ ಕೊಟ್ಟ!

ಕೆಂಪವ್ವನೇ ಗಾಬರಿಯಾಗಿ ಹೇಳಿದ್ದಳು. "ಶೈಲಾ, ನಿಮ್ಮಪ್ಪಗ ಮೈಯಾಗ ಆರಾಮಿಲ್ಲೇನ? ಬೈಲೇ ಇಲ್ಲ ನನಗ!"

ಆಮೇಲೆ ಒಂದೊಂದೇ ಶುರುವಾಯಿತು. ಗಿರಾಕಿಗಳ ಹೆಸರು ಮರೆಯತೊಡಗಿದ. ಕೆಸರಿನಲ್ಲಿ ಹೂತ ಹಾಗೆ ಪಾದ ನೆಲ ಬಿಟ್ಟು ಏಳದಾಯಿತು. ಧೋತರದಲ್ಲೇ ಒದ್ದೆ ಮಾಡಿಕೊಳ್ಳತೊಡಗಿದ. ಮಂದಿ 'ಅರಳು ಮರಳು' ಅಂದರು. ಮಂದಿಗೇನು, ಅನ್ನುತ್ತಾರೆ.

ಅಂದು ನೀರು ತೆಗೆದ ಮೇಲೆ ಅಭಯ ತಲೆಯ ಸ್ಕ್ಯಾನ್ ಹಿಡಿದು ಶೈಲಜಾಳಿಗೆ ತೋರಿಸಿದ.

"ಮಿದುಳಿನ ನಡುವ ನೀರಿನ ಹೊಂಡ ಇರ್ತಾವರಿ. ನಿಮ್ಮ ತಂದಿಯವರಿಗೆ ದೊಡ್ಡವಾಗ್ಯಾವ. ಒಂದೋ ನೀರು ತುಂಬಿ ಒತ್ತಲಿಕ್ಹತ್ಯದ, ಇಲ್ಲಾಂದ್ರ ಮಿದುಳೇ ಸವದು ಜಾಗ ಖಾಲಿ ಆಗ್ಯದ. ನೀರಿದ್ರ ಆಪರೇಶನ್ ಮಾಡಿ ಕೊಳವಿ ಹಾಕ್ತಾರ, ಆರಾಮಾಗ್ತದ. ಸವದಿದ್ರ..."

"ಸವದಿದ್ರ?"

"ಔಷಧಿ ಇಲ್ಲ."

"ಅದು ಆ ನೀರಿನಾಗ ಹೆಂಗ ಗೊತ್ತಾಕ್ಕತಿ?"

ಅಭಯ ಸ್ವಲ್ಪ ಯೋಚಿಸಿದ. "ನಿಮ್ಮ ಗಾಣದಾಗ ಶೇಂಗಾ ಹಾಕಿದ್ರಿ, ಎಣ್ಣಿ ಕಮ್ಮಿ ಬಂತು. ಏನು ತಿಳಕೋತೀರಿ?"

"ಹಿಂಡ್ಯಾಗ ಉಳದೈತಿ ಅಂತ."

"ಹಂಗ. ಅಮಿಲಾಯ್ಡ್ ಅಂತ ಒಂದು ಪ್ರೋಟೀನ್. ಮರೆವಿನ ರೋಗದಾಗ ಅದು ಮಿದುಳಿನಾಗೇ ಗಟ್ಟಿಯಾಗಿ ಕೂಡ್ತದ. ಬೆನ್ನಿನ ನೀರಿನಾಗ ಕಮ್ಮಿ ಆಗ್ತದ."

ಒರಟು ಹುಡುಗಿಗೆ ಅಂದು ಮೊದಲ ಸಲ ಒಬ್ಬ ಡಾಕ್ಟರ್ ಹೇಳಿದ್ದು ಅರ್ಥವಾಗಿತ್ತು. 'ಮನಷ್ಯಾ ಪರವಾಗಿಲ್ಲ' ಅಂದುಕೊಂಡಳು.

ಅವನು ನೀರಿದ್ದ ಸಣ್ಣ ಪ್ಲಾಸ್ಟಿಕ್ ನಳಿಗೆಯನ್ನು ಐಸ್ ಡಬ್ಬಿಯಲ್ಲಿಟ್ಟು ಕೊಟ್ಟ. "ಇವತ್ತೇ ಬೆಳಗಾವಿ ಲ್ಯಾಬಿಗೆ ಮುಟ್ಟಸ್ರಿ. ಥಂಡಿ ಆರಬಾರದು." ಅಷ್ಟೇ ಹೇಳಿದ. ಹೊರಗೆ ರೋಗಿಗಳು ಸಾಲು ನಿಂತಿದ್ದರು.

ಶೈಲಜಾ ಅಪ್ಪನನ್ನು ಮನೆಗೆ ತಂದು ಮಲಗಿಸಿ, ಬೆಳಗಾವಿಗೆ ಹೊರಡುವ ಮೊದಲು ಡಬ್ಬಿ ತೆರೆದು ನೋಡಿದಳು. ಅಪ್ಪನ ಬೆನ್ನೊಳಗಿನ ನೀರು... ಉಪ್ಪಿನಕಾಯಿ ಪಾಕೀಟಿನಂಥ ಪ್ಲಾಸ್ಟಿಕ್ಕಿನಲ್ಲಿ!

ಎಣ್ಣೆಯ ಮಾದರಿ ಕೊಡುವ ಸಣ್ಣ ಗಾಜಿನ ಸೀಸೆ ತೆಗೆದಳು. ಕುದಿಸಿದಳು. ಒಣಗಿಸಿದಳು. ಒಂದು ಹನಿಯೂ ಚೆಲ್ಲದಂತೆ ನೀರನ್ನು ಅದಕ್ಕೆ ಸುರಿದು ಬಿರಡೆ ಒತ್ತಿದಳು. ಬೈಲಹೊಂಗಲದ ಮೇಲೆ ಹೋಗುವ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಲ್ಯಾಬಿನ ಕಿಟಕಿಯಲ್ಲಿ ಸೀಸೆ ತೆಗೆದುಕೊಂಡವನು ಮುಖ ಕೂಡ ಎತ್ತಲಿಲ್ಲ.

* * *

ಮರುದಿನ ಬೆಳಗ್ಗೆ ಸಿದ್ದಲಿಂಗವ್ವ ಕೂಗಿಕೊಂಡಳು.

"ಶೈಲಾ! ಬಾ ಇಲ್ಲೆ! ನಿಮ್ಮಪ್ಪ ಹೊಸ್ತಿಲ ದಾಟಿದ!"

ಬಸಲಿಂಗಪ್ಪ ಅಂಗಳದಲ್ಲಿ ನಿಂತಿದ್ದ. ಗೋಡೆ ಹಿಡಿದಿರಲಿಲ್ಲ. ಪಾದ ಎತ್ತಿ ಎತ್ತಿ ಇಟ್ಟು ಬೇವಿನ ಗಿಡದವರೆಗೂ ನಡೆದು ತಿರುಗಿ ಬಂದ.

ಶೈಲಜಾ ಆ ಕೂಡಲೇ ಫೋನ್ ಮಾಡಿದಳು. "ಡಾಕ್ಟರ... ನಮ್ಮಪ್ಪ ನಡ್ಯಾಕತ್ಯಾನ್ರಿ!"

"ಹೌದಾ? ನೀರು ಜಾಸ್ತಿನೇ ತಗದಿದ್ದೆ, ನಡಿಗಿ ಸುಧಾರಿಸ್ತದೇನು ಅಂತ ನೋಡಬೇಕಾಗಿತ್ತು. ಆದ್ರ ಇದು ಎರಡು ಮೂರು ದಿವಸ ಇರ್ತದ್ರಿ. ನೀರು ಮತ್ತ ತುಂಬ್ತದ. ರಿಪೋರ್ಟ್ ಬರ್ಲಿ."

ಅವನು ಹೇಳಿದ ಹಾಗೇ ಆಯಿತು. ಮೂರು ದಿನದ ಮೇಲೆ ಪಾದ ಮತ್ತೆ ನೆಲಕ್ಕೆ ಅಂಟಿಕೊಂಡಿತು. ಆದರೆ ಇಬ್ಬರ ನಡುವಿನ ಫೋನ್ ನಿಲ್ಲಲಿಲ್ಲ.

ಶನಿವಾರ ಸಂಜೆ ಅಭಯ ರಾಮದುರ್ಗದ ದಾರಿಯಲ್ಲಿ ಮುನವಳ್ಳಿಯಲ್ಲಿ ಇಳಿದ. ರೋಗಿಯನ್ನು ನೋಡಲು ಅಂದ. ಅಂಗಡಿಯ ಮುಂದಿನ ಮರದ ಬಾಕಿನ ಮೇಲೆ ಕುಳಿತು ಚಹಾ ಕುಡಿದ. ಗಾಣ ತಿರುಗುವುದನ್ನು ನೋಡಿದ. ಗಾಣಕ್ಕಿಂತ ಹೆಚ್ಚು ನೋಡಿದ್ದು ಯಾರನ್ನು ಅಂತ ಸಿದ್ದಲಿಂಗವ್ವನಿಗೆ ಗೊತ್ತಾಗದೆ ಇರಲಿಲ್ಲ.

ಮುಂದಿನ ಶನಿವಾರವೂ ಬಂದ.

"ರೋಗಿ ಒಳಗ ಅದಾನಲಾ, ನೀವು ಹೊರಗ ಕುಂತೀರಲ್ರಿ?" ಸಿದ್ದಲಿಂಗವ್ವ ಕೆಣಕಿದಳು.

ಅಭಯ ಕೆಂಪಾದ. ಆಕೆ ಒಳಗೆ ಹೋದ ಮೇಲೆ ಮೆಲ್ಲಗೆ ಹೇಳಿದ.

"ಶೈಲಜಾ ಅವರ... ಶನಿವಾರದಿಂದ ಶನಿವಾರಕ್ಕ ನಡುವಿನ ಆರು ದಿವಸ ನನಗ ಭಾಳ ಉದ್ದ ಆಗ್ಲಿಕ್ಹತ್ಯಾವ."

ಶೈಲಜಾ ತಕ್ಕಡಿಯ ಕಡೆ ತಿರುಗಿದಳು. ಅಂದು ಹಿಂಡಿ ಒಯ್ದ ಗಿರಾಕಿಗಳಿಗೆಲ್ಲ ತೂಕ ಜಾಸ್ತಿ ಬಿದ್ದಿತು.

* * *

ಅದರ ಮುಂದಿನ ಶನಿವಾರ ಅವನ ಮುಖ ಸರಿ ಇರಲಿಲ್ಲ. ಚಹಾ ಬೇಡ ಅಂದ.

"ನಿಮ್ಮ ಮನೆತನದಾಗ ಯಾರಿಗರೆ ಮರೆವಿನ ರೋಗ ಇತ್ತೇನ್ರಿ? ನಿಮ್ಮ ಅಜ್ಜಗ? ಅವರ ಅಣ್ಣತಮ್ಮಂದಿರಿಗೆ?"

ಶೈಲಜಾ ಅಳತೆಯ ಪಾವನ್ನು ಕೆಳಗಿಟ್ಟಳು.

"ಯಾಕ?"

"ಕೇಳಬೇಕಾಗ್ತದ್ರಿ."

ಈ ಕಡೆ ಮನೆತನದ ರೋಗ ಕೇಳುವವರು ಇಬ್ಬರೇ. ಒಬ್ಬ ಡಾಕ್ಟರ್. ಇನ್ನೊಬ್ಬರು ಹೆಣ್ಣು ನೋಡಲು ಬಂದವರು. ಶೈಲಜಾಳನ್ನು ಹಿಂದೆ ಎರಡು ಮನೆಯವರು ನೋಡಿ, ಅಡುಗೆಯ ರುಚಿಯಿಂದ ಹಿಡಿದು ಅಜ್ಜನ ಸಾವಿನವರೆಗೆ ವಿಚಾರಿಸಿ, 'ತಿಳಸ್ತೀವಿ' ಅಂತ ಹೋದವರು ತಿಳಿಸಿರಲಿಲ್ಲ.

ಅವಳಿಗೆ ಅದೇ ನೆನಪಾಯಿತು. 'ಇವನೂನಾ?'

"ಹ್ವಾದ ವಾರ ಆರು ದಿವಸ ಉದ್ದ ಆಗಿದ್ವು. ಈ ವಾರ ಮನೆತನ ಜಾಲಾಡಾಕತ್ತೀರಿ! ಹುಡುಗಿಗೂ ನಾಳೆ ರೋಗ ಬಂದ್ರ ಹೆಂಗ ಅಂತ ಲೆಕ್ಕ ಹಾಕಾಕ ಬಂದೀರೇನು?"

"ಹಂಗಲ್ರಿ... ರಿಪೋರ್ಟ್ ಬಂದದ."

ಅವಳು ಎಣ್ಣೆಯ ಕೈ ಒರೆಸಿಕೊಂಡು ಅವನ ಕಡೆ ತಿರುಗಿದಳು.

"ಅಮಿಲಾಯ್ಡ್ ಭಾಳ ಕಮ್ಮಿ ಅದ. ಮರೆವಿನ ರೋಗ ಅಂತ ಲ್ಯಾಬಿನವರು ಬರದಾರ. ನಮ್ಮ ಸರ್ಜನ್ ನೋಡಿದ್ರು. ಇದು ಸವಕಳಿನೇ, ತಲಿ ಕೊರದು ಪ್ರಯೋಜನ ಇಲ್ಲ, ಆಪರೇಶನ್ ಮಾಡಂಗಿಲ್ಲ ಅಂದ್ರು. ನನಗ ಇನ್ನೂ—"

"ನಡದಾನಲ್ರಿ ನಮ್ಮಪ್ಪ! ನಾ ಕಣ್ಣಾರೆ ನೋಡೇನಿ! ಆಸೆ ಹಚ್ಚಿದವರು ನೀವ! ಈಗ ರೋಗ ಅಂತ ಗೊತ್ತಾದ ಕೂಡ್ಲೆ ಮಗಳ ರಕ್ತಾನೂ ನೋಡಾಕತ್ತೀರಿ. ಅಂಗಡಿ ಇಳೀರಿ!"

"ಶೈಲಜಾ..."

"ಇಳೀರಿ ಅಂದೆ!"

ಅಭಯ ಇಳಿದು ಹೋದ. ಶೈಲಜಾ ಅವನ ನಂಬರನ್ನು ಬ್ಲಾಕ್ ಮಾಡಿದಳು. ಆಮೇಲೆ ಗಾಣ ಶುರು ಮಾಡಿದಳು. ಗಾಣದ ಸದ್ದಿನಲ್ಲಿ ಅತ್ತರೆ ಹೊರಗೆ ಕೇಳುವುದಿಲ್ಲ.

* * *

ಆಮೇಲೆ ಒಂದೆರಡು ತಿಂಗಳು ಏನೂ ಆಗಲಿಲ್ಲ. ಬಸಲಿಂಗಪ್ಪ ಮಾತ್ರ ದಿನ ದಿನ ಇಳಿದುಹೋದ. ಒಂದು ದಿನ ಗಿರಾಕಿಗಳ ಎದುರೇ ಧೋತರ ಒದ್ದೆ ಮಾಡಿಕೊಂಡು ನಿಂತ. ತನಗೇನಾಗಿದೆ ಎಂದು ಅವನಿಗೆ ತಿಳಿಯಲಿಲ್ಲ. ಶೈಲಜಾ ಅವನನ್ನು ಒಳಗೆ ಕರೆದುಕೊಂಡು ಹೋಗುವಾಗ ಕೇಳಿದ.

"ನೀ ಯಾರ ಮಗಳವ್ವಾ? ಭಾಳ ಚಲೋ ನೋಡ್ಕೊಂತೀ."

ಅವಳು ಒಣಗಿದ ಧೋತರ ತಂದು ಉಡಿಸಿದಳು.

ಬೆಳಗಾವಿಯಲ್ಲಿ ಅಭಯ ಆ ರಿಪೋರ್ಟನ್ನು ಬಿಟ್ಟಿರಲಿಲ್ಲ. ಮರೆವಿನ ರೋಗವಿದ್ದರೆ ಒಂದು ಪ್ರೋಟೀನ್ ಇಳಿಯಬೇಕು, ಟಾವ್ ಎಂಬ ಇನ್ನೊಂದು ಏರಬೇಕು. ಇಲ್ಲಿ ಮೊದಲನೆಯದು ಇಳಿದಿತ್ತು, ಎರಡನೆಯದು ಏರಿರಲಿಲ್ಲ. ಮೇಲಾಗಿ ರೋಗಿ ನಡೆದಿದ್ದ. ಸರ್ಜನ್ ಬಳಿ ವಾದ ಮಾಡಿದ. ಲ್ಯಾಬಿಗೆ ಫೋನ್ ಮಾಡಿದ. ಅವರು 'ಯಂತ್ರ ಸರಿಯಾಗಿದೆ' ಅಂದರು. ಯಂತ್ರ ಸರಿಯಾಗಿಯೇ ಇತ್ತು.

ಕೊನೆಗೆ ಒಂದು ಶನಿವಾರ ಮುನವಳ್ಳಿಯಲ್ಲಿ ಇಳಿದ. ಏನು ಹೇಳಬೇಕೆಂದು ತಿಳಿಯದೆ ಕೈಯಲ್ಲಿದ್ದ ನೀರಿನ ಖಾಲಿ ಬಾಟಲಿಯನ್ನು ಮುಂದೆ ಚಾಚಿದ.

"ಕುಸುಬಿ ಎಣ್ಣಿ ಬೇಕಾಗಿತ್ರಿ."

ಶೈಲಜಾ ಬಾಟಲಿ ಕಿತ್ತುಕೊಂಡು ಬೀದಿಗೆ ಎಸೆದಳು.

"ಇದರಾಗ ಹಾಕಂಗಿಲ್ಲ! ಒಳ್ಳೇದು ಗಾಜಿನಾಗ, ಕೆಟ್ಟದ್ದು ಪ್ಲಾಸ್ಟಿಕ್ಕಿನಾಗ, ಇದು ನಮ್ಮಪ್ಪನ ಮಾತು. ನಮ್ಮಪ್ಪನ ಬೆನ್ನಾಗಿನ ನೀರನ್ನ ನಾ ನಿಮ್ಮ ಪ್ಲಾಸ್ಟಿಕ್ಕಿನಾಗ ಇಡಲಿಲ್ಲ, ಇನ್ನ ನಿಮಗ ಎಣ್ಣಿ ಹಾಕತೇನೇನು?"

ಅಭಯನ ಮುಖ ಬಿಳಿಚಿಕೊಂಡಿತು.

"ಏನಂದ್ರಿ?"

"ಎಣ್ಣಿ ಹಾಕಂಗಿಲ್ಲ ಅಂದೆ."

"ಅದಲ್ಲ. ನೀರು ಯಾವುದರಾಗ ಹಾಕಿದ್ರಿ?"

"ಗಾಜಿನ ಸೀಸ್ಯಾಗ! ಕುದಿಸಿ, ಒಣಗಿಸಿ, ಸ್ವಚ್ಛ ಮಾಡಿ ಹಾಕೇನಿ. ಯಾಕ, ಅದೂ ತಪ್ಪೇನು?"

ಅಭಯ ಬಾಕಿನ ಮೇಲೆ ಕುಸಿದು ಕುಳಿತ. ತಲೆ ಹಿಡಿದುಕೊಂಡ. ಆಮೇಲೆ... ನಗತೊಡಗಿದ! ಕಣ್ಣಲ್ಲಿ ನೀರು ಬರುತ್ತಿತ್ತು.

"ಹುಚ್ಚ ಹಿಡೀತೇನ್ರಿ ಡಾಕ್ಟರಗ?" ಸಿದ್ದಲಿಂಗವ್ವ ಹೊರಗೆ ಬಂದಳು.

"ಶೈಲಜಾ ಅವರ, ಒಂದು ಮಾತು ಹೇಳ್ರಿ. ಒಂದು ಡಬ್ಬಿಯಿಂದ ಇನ್ನೊಂದಕ್ಕ ಎಣ್ಣಿ ಸುರುವಿದ್ರ ಎಲ್ಲಾ ಬರ್ತದೇನು?"

"ಹೆಂಗ ಬರತೈತಿ? ಗ್ವಾಡಿಗೆ ಅಂಟಿಕೊಂಡು ಒಂದಿಷ್ಟು..."

ಮಾತು ಅಲ್ಲೇ ನಿಂತಿತು. ಅವಳ ಕೈ ನಿಧಾನಕ್ಕೆ ಬಾಯಿಯ ಮೇಲೆ ಹೋಯಿತು.

"ಆ ಪ್ರೋಟೀನಿಗೂ ಅದೇ ಗುಣ. ಗಾಜಿಗೆ ಅಂಟಿಕೋತದ. ಅದಕ್ಕ ಬ್ಯಾರೆ ನಮೂನಿ ಪ್ಲಾಸ್ಟಿಕ್ಕಿನ ನಳಿಗಿ ಇರ್ತದ. ನಿಮ್ಮಪ್ಪನ ಅಮಿಲಾಯ್ಡ್ ಹಿಂಡ್ಯಾಗ ಉಳದಿಲ್ರಿ. ನಿಮ್ಮ ಸೀಸಿಗೆ ಅಂಟಿಕೊಂಡಿರಬೇಕು!"

"ನಾ..." ಅವಳು ಅಳತೊಡಗಿದಳು. "ನಮ್ಮಪ್ಪನ ಆಪರೇಶನ್ ನಿಂತಿದ್ದು ನನ್ನಿಂದೇನು? ಇಷ್ಟು ದಿವಸ ನನ್ನ ಕೈಯಾರೆ..."

"ಅಲ್ಲ. ನಳಿಗಿ ಬದಲಿ ಮಾಡಬ್ಯಾಡ್ರಿ ಅಂತ ನಾ ಹೇಳಬೇಕಾಗಿತ್ತು. ಥಂಡಿ ಆರಬಾರದು ಅಂತಷ್ಟ ಹೇಳಿದೆ. ತಪ್ಪು ನಂದು."

"ನಾನರೆ ಕೇಳಬೇಕಿತ್ತಲ್ಲ. ಕೇಳೋ ಗುಣಾನ ಇಲ್ಲ ನನಗ. ಬೈಯೋದಷ್ಟ ಗೊತ್ತು."

"ಅದು ಮಾತ್ರ ಖರೇ ಅದ."

ಅಳುತ್ತಿದ್ದವಳು ತಲೆ ಎತ್ತಿ ದುರುಗುಟ್ಟಿ ನೋಡಿದಳು.

"ಇನ್ನೊಂದು ಮಾತು," ಅಭಯ ಹೇಳಿದ. "ಮನೆತನದ ಪ್ರಶ್ನೆ ನಾ ಎಲ್ಲಾ ರೋಗಿ ಮನಿಯವರಿಗೂ ಕೇಳ್ತೀನಿ. ಇವತ್ತ ಮುಂಜಾನೆ ಕಟಕೋಳದ ಎಂಬತ್ತು ವರ್ಷದ ಅಜ್ಜಿಗೂ ಕೇಳಿದೆ. ಆಕೀನ್ನ ಲಗ್ನ ಆಗೋ ವಿಚಾರ ನನಗಿರಲಿಲ್ಲ."

ಸಿದ್ದಲಿಂಗವ್ವ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು.

ಶೈಲಜಾ ನಗಲಿಲ್ಲ. ಅವಳಿಗೆ ಒಂದು ಮಾತು ಕೇಳಲೇಬೇಕಾಗಿತ್ತು.

"ಇನ್ನೊಮ್ಮೆ ನೀರ ತಗೀತೀರಿ, ಹೌದಲ್ಲ? ಅಕಸ್ಮಾತ್ ಈ ಸಲಾನೂ ಅದ ಬಂದ್ರ? ಅಪ್ಪಗ ರೋಗ ಖರೇನ ಇದ್ರ? ಮುಂದ... ನನಗೂ ಬಂದ್ರ?"

"ಬಂದ್ರ ಬರ್ಲಿ. ನಾನೂ ಬರ್ತೀನಿ, ಶನಿವಾರಕ್ಕೊಮ್ಮೆ ಅಲ್ಲ, ದಿನಾ. ನೀವು ನನ್ನ ಹೆಸರು ಮರತ್ರ ಮತ್ತ ಹೇಳ್ತೀನಿ. ದಿನಕ್ಕ ಹತ್ತು ಸಲ ಹೇಳ್ತೀನಿ. ರಿಪೋರ್ಟ್ ನೋಡಿ ಮನಸು ಮಾಡಿಲ್ಲ ಶೈಲಜಾ. ಮೊದಲನೇ ದಿವಸ ನೀವು ಬಾಗಲಾ ಒದ್ದು ಒಳಗ ಬಂದ್ರಲ್ಲ... ಆವತ್ತೇ ಮಾಡೀನಿ."

ಗಾಣ ನಿಂತಿತ್ತು. ಈ ಸಲ ಅವಳ ಅಳು ಹೊರಗೆ ಕೇಳಿಸಿತು. ಕೇಳಿಸಿದರೆ ಕೇಳಿಸಲಿ ಎಂದು ಬಿಟ್ಟಳು.

* * *

ಎರಡನೆಯ ಸಲ ನೀರು ತೆಗೆದಾಗ ಶೈಲಜಾ ಬಾಗಿಲು ಒದೆಯಲಿಲ್ಲ. ನಳಿಗೆಯನ್ನು ತೆರೆಯದೆ, ಮುಟ್ಟದೆ, ಲ್ಯಾಬಿಗೆ ಮುಟ್ಟಿಸಿದಳು. ಅಮಿಲಾಯ್ಡ್ ಎಷ್ಟಿರಬೇಕೋ ಅಷ್ಟು ಬಂತು. ಸರ್ಜನ್ ಎರಡೂ ರಿಪೋರ್ಟ್ ಪಕ್ಕಪಕ್ಕ ಇಟ್ಟುಕೊಂಡು ನೋಡಿ ಆಪರೇಶನ್‌ಗೆ ದಿನ ಕೊಟ್ಟ. ಬಸಲಿಂಗಪ್ಪನ ತಲೆಯಿಂದ ಹೊಟ್ಟೆಗೆ, ಚರ್ಮದ ಕೆಳಗೆ, ಒಂದು ಸಣ್ಣ ಕೊಳವೆ ಇಳಿಸಿದರು. ಹೆಚ್ಚಿನ ನೀರು ಅದರಲ್ಲಿ ಹರಿದು ಹೋಗುತ್ತಿತ್ತು.

ಎಲ್ಲವೂ ಮೊದಲಿನಂತಾಯಿತು ಅಂದರೆ ಸುಳ್ಳಾಗುತ್ತದೆ. ಕೆಲವು ಹೆಸರು ಹೋದವು ಹೋದವೇ. ಆದರೆ ಪಾದ ಎದ್ದಿತು. ಧೋತರ ಒಣಗಿತು. ಮಗಳನ್ನು 'ಶೈಲಾ' ಎಂದು ಕರೆದ.

ಸಿದ್ದಲಿಂಗವ್ವನಿಗೆ ಬೇರೆ ಚಿಂತೆ ಹತ್ತಿತ್ತು. "ಹುಡುಗ ರಾಮದುರ್ಗದ ಆಚಾರರ ಮನಿಯಾಂವ. ಉಳ್ಳಾಗಡ್ಡಿ, ಬಳ್ಳೊಳ್ಳಿ ತಿಂತಾನೇನ?"

"ನನ್ನ ಬೈಗಳಾ ತಿಂದಾನ ಅತ್ತಿ. ಬಳ್ಳೊಳ್ಳಿ ಏನು ಮಹಾ?"

ಒಂದು ಸಂಜೆ ಬಸಲಿಂಗಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ. ಅಭಯ ಬಂದು ಎದುರಿಗೆ ನಿಂತ. ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿ.

"ಕುಸುಬಿ ಎಣ್ಣಿ ಹಾಕ್ರಿ ಮಾಲಕರ."

ಬಸಲಿಂಗಪ್ಪ ಬಾಟಲಿ ನೋಡಿದ. ಅವನ ಮುಖ ನೋಡಿದ. ಮತ್ತೆ ಬಾಟಲಿ ನೋಡಿದ. ಒಳಗೆ ಗಾಣದ ಬಳಿ ಶೈಲಜಾ ಉಸಿರು ಬಿಗಿಹಿಡಿದು ನಿಂತಿದ್ದಳು.

"ಡಾಕ್ಟರ, ಇಷ್ಟು ಓದೀರಿ, ಇಷ್ಟು ತಿಳಿಯೂದಿಲ್ಲೇನ?" ಬಸಲಿಂಗಪ್ಪ ಗುಡುಗಿದ. "ಒಳ್ಳೇದು ಗಾಜಿನಾಗ, ಕೆಟ್ಟದ್ದು ಪ್ಲಾಸ್ಟಿಕ್ಕಿನಾಗ! ತಗೊಂಡ ನಡೀರಿ ಇದನ್ನ!"

ಬೀದಿಯಲ್ಲಿ ಹೋಗುತ್ತಿದ್ದ ಕೆಂಪವ್ವ ನಿಂತು, ಕೈ ಮುಗಿದು, ಮುಂದೆ ಹೋದಳು.

ಶೈಲಜಾ ಹೊರಗೆ ಬಂದಳು. ಕಣ್ಣು ಒರೆಸಿಕೊಂಡಿದ್ದಳು, ಆದರೂ ಗೊತ್ತಾಗುತ್ತಿತ್ತು.

"ಬೇಕಂತನ ಆ ಬಾಟ್ಲಿ ತಂದ್ರಿ, ಹೌದಲ್ಲ?"

"ಹೂಂ. ಈ ಪರೀಕ್ಷಾ ಯಾವ ಲ್ಯಾಬಿನಾಗೂ ಮಾಡಂಗಿಲ್ಲ."

"ಪಾಸಾದ್ನೇನು ನಮ್ಮಪ್ಪ?"

"ಅವರು ಪಾಸ್. ನಂದು ಇನ್ನೂ ಬಾಕಿ ಅದ."

ಅವಳು ಒಂದು ಸಣ್ಣ ಗಾಜಿನ ಸೀಸೆಗೆ ಎಣ್ಣೆ ತುಂಬಿ, ಬಿರಡೆ ಒತ್ತಿ, ಅವನ ಕೈಯಲ್ಲಿಟ್ಟಳು. ಕೈ ಹಿಂದಕ್ಕೆ ತೆಗೆಯಲಿಲ್ಲ.

"ಸೀಸಿ ವಾಪಸ್ ತಂದು ಕೊಡಬೇಕ ನೋಡ್ರಿ."

"ಯಾವಾಗ ತರ್ಲಿ?"

"ಶನಿವಾರದ ತನಕ ಕಾಯಬ್ಯಾಡ್ರಿ... ಆರು ದಿವಸ ನನಗೂ ಭಾಳ ಉದ್ದ ಆಗಾಕತ್ತಾವ."